ಕಂದು ಕವರಿನ ಮುಯ್ಯಿ

ನಮ್ಮ ಕಡೆ ಮದುವೆಮನೆಯಲ್ಲಿ ಮುಯ್ಯಿ ಬರೆಯಲು ಕೂರುವುದೆಂದರೆ ಸಣ್ಣ ಹುದ್ದೆಯಲ್ಲ. ನಮ್ಮಪ್ಪ ಅದನ್ನು ಮೂವತ್ತು ವರ್ಷ ನಿಭಾಯಿಸಿದವರು. ಛತ್ರದ ಬಾಗಿಲಲ್ಲಿ ಒಂದು ಮೇಜು, ಉದ್ದನೆಯ ನೋಟ್‌ಬುಕ್ಕು, ಕಿವಿಗೆ ಸಿಕ್ಕಿಸಿದ ಪೆನ್ನು. ಹೆಸರು, ಊರು, 51 ರೂಪಾಯಿ. ಹೆಸರು, ಊರು, ಸ್ಟೀಲ್ ತಪ್ಪಲೆ ಒಂದು. ಕೈ ಬರೆಯುತ್ತಿದ್ದರೆ ಬಾಯಿ ವಿಚಾರಿಸುತ್ತಿತ್ತು: 'ಬೋರ್‌ವೆಲ್‌ನಲ್ಲಿ ನೀರು ಬಂತೇನಪ್ಪ?' ಕೊನೆಯ ಪಂಕ್ತಿಗೆ ಏಳುವ ಹೊತ್ತಿಗೆ ಪುಸ್ತಕದಲ್ಲಿ ಲೆಕ್ಕ, ತಲೆಯಲ್ಲಿ ಹತ್ತು ಹಳ್ಳಿಯ ಸಮಾಚಾರ.

ಅಂಥವರ ಮಗನಾದ ನಾನು ಇದೇ ಕೆಲಸವನ್ನು ಕಂಪ್ಯೂಟರಿಗೆ ಕಲಿಸಿದೆ.

ನಾನಿರುವುದು ಬೆಂಗಳೂರಿನ ಹೊರವರ್ತುಲ ರಸ್ತೆಯ ಒಂದು ಗಾಜಿನ ಕಟ್ಟಡದಲ್ಲಿ. ಅಲ್ಲಿ ಐವತ್ತೇಳು ವರ್ಷದ ಒಬ್ಬರು ಆಫೀಸ್ ಬಾಯ್ ಇದ್ದರು. ಬಾಯ್ ಎನ್ನಲು ನಾಲಿಗೆ ಬಾರದೆ ಎಲ್ಲರೂ ಅಣ್ಣ ಎನ್ನುತ್ತಿದ್ದೆವು. ನಮ್ಮ ಕಸುಬಿನಲ್ಲಿ ತಿಂಗಳಿಗೊಬ್ಬರಾದರೂ ಕೆಲಸ ಬಿಡುತ್ತಾರೆ. ಆಗ ಬೀಳ್ಕೊಡುಗೆಗೆ ದುಡ್ಡು ಕೂಡಿಸಲು ಅಣ್ಣ ಕಂದು ಕವರ್ ಹಿಡಿದು ಮಹಡಿ ಮಹಡಿ ಸುತ್ತಬೇಕಿತ್ತು. 'ಆಮೇಲೆ ಬನ್ನಿ ಅಣ್ಣ' ಎಂದರೆ ಹೋಗಿ, ನಿಜವಾಗಿಯೂ ಆಮೇಲೆ ಬರುತ್ತಿದ್ದರು. ಹೊಸ ಹುಡುಗರು ಪಿಸುಗುಟ್ಟುತ್ತಿದ್ದರು: 'ಬೇರೆಯವರೆಲ್ಲ ಎಷ್ಟು ಹಾಕಿದಾರೆ?' ಅಣ್ಣ 'ನಿಮ್ಮ ಮನಸ್ಸಿಗೆ ಬಂದಷ್ಟು ಸಾರ್' ಎನ್ನುತ್ತಲೇ, ಕವರಿನ ಹಿಂದಿನ ಪಟ್ಟಿಯಲ್ಲಿ ಮ್ಯಾನೇಜರ್ ಹೆಸರಿನ ಮೇಲಿಟ್ಟಿದ್ದ ಹೆಬ್ಬೆರಳನ್ನು ಒಂದಿಷ್ಟು ಸರಿಸುತ್ತಿದ್ದರು. 500 ಕಾಣುವಷ್ಟು.

ಆಡಳಿತ ವಿಭಾಗದವರಿಗೆ ಈ ಸುತ್ತಾಟ ದಂಡ ಎನಿಸಿತು. 'ಸ್ಲ್ಯಾಕ್ ಇದೆಯಲ್ಲ, ಅದರಲ್ಲೇ ಮಾಡಿಬಿಡಿ' ಎಂದರು.

ಸ್ಲ್ಯಾಕ್ ನಮ್ಮ ಆಫೀಸಿನ ಹರಟೆಕಟ್ಟೆ. ಅದರಲ್ಲಿ ವರ್ಕ್‌ಫ್ಲೋ ಬಿಲ್ಡರ್ ಎಂಬ ಸೌಕರ್ಯ 2019ರಲ್ಲಿ ಬಂತು. ಫಾರಂ ತುಂಬಿಸು, ಮೆಸೇಜ್ ಕಳಿಸು ಎಂಬಂಥ ಸಿದ್ಧ ಹಂತಗಳನ್ನು ಒಂದರ ಹಿಂದೊಂದು ಪೋಣಿಸಿದರೆ ಕೆಲಸ ತಾನಾಗಿ ಸಾಗುತ್ತದೆ. ಬೇಕಾದ ಹಂತ ಅಲ್ಲಿ ಇಲ್ಲವೇ? ನಾವೇ ಬರೆದು ಸೇರಿಸಬಹುದು. ನಮ್ಮ ಹಂತಕ್ಕೆ ಏನು ಕೊಡಬೇಕು, ಅದು ಏನನ್ನು ಹಿಂದಿರುಗಿಸುತ್ತದೆ ಎಂದು ಮ್ಯಾನಿಫೆಸ್ಟ್ ಎಂಬ ಜಾತಕದಲ್ಲಿ ಮೊದಲೇ ನಮೂದಿಸಬೇಕು. ನನ್ನದು ಹೊರಡುವವರ ಹೆಸರನ್ನೂ ಕೊನೆಯ ದಿನಾಂಕವನ್ನೂ ಪಡೆದು, ಎಲ್ಲರನ್ನೂ ಕೇಳಿ, ಒಟ್ಟು ಮೊತ್ತ ಹೇಳುತ್ತಿತ್ತು.

ಸರದಿ ಬಂದಾಗ ಸ್ಲ್ಯಾಕ್ ನಮ್ಮ ಕೋಡನ್ನು ಎಬ್ಬಿಸುತ್ತದೆ. ಎದ್ದ ಕೋಡು ಕೆಲಸ ಮುಗಿಸಿ 'ಕಂಪ್ಲೀಟ್' ಎನ್ನಬೇಕು, ಆಗದಿದ್ದರೆ 'ಫೇಲ್' ಎನ್ನಬೇಕು. ಎರಡೇ ಉತ್ತರ. ಕನ್ನಡಿಗರು ದುಡ್ಡಿನ ವಿಷಯದಲ್ಲಿ ತಲೆತಲಾಂತರದಿಂದ ನೆಚ್ಚಿಕೊಂಡಿರುವ 'ನೋಡೋಣ' ಅಲ್ಲಿ ಇಲ್ಲವೇ ಇಲ್ಲ. ಎರಡೂ ಹೇಳದಿದ್ದರೆ ಇಡೀ ವರ್ಕ್‌ಫ್ಲೋ ಅಲ್ಲೇ ಕಾಯುತ್ತ ನಿಲ್ಲುತ್ತದೆ, ಥೇಟ್ ಅಣ್ಣ ಮೇಜಿನ ಪಕ್ಕ ನಿಂತ ಹಾಗೆ. ಇನ್ನು, ಯಾರಾದರೂ ಗುಂಡಿ ಒತ್ತಿದರೆ ಮೂರು ಸೆಕೆಂಡಿನೊಳಗೆ 'ಕೇಳಿಸಿತು' ಎಂದು ಓಗೊಡಬೇಕು. ಕೆಲಸ ಆಮೇಲೆ ಮಾಡಿದರೂ ನಡೆದೀತು. ಕೇಳಿಸಿತು ಎನ್ನುವುದಕ್ಕೂ ಮಾಡಿ ಮುಗಿಸಿದೆ ಎನ್ನುವುದಕ್ಕೂ ಇರುವ ಅಂತರ ನಮ್ಮ ಮನೆಯಾಕೆಗೆ ಯಾವತ್ತೋ ಗೊತ್ತಿತ್ತು. ನನಗೆ ಈ ಕೋಡು ಬರೆದ ಮೇಲೆ ತಿಳಿಯಿತು.

ಮೊದಲ ಸಲ ಬರೆದದ್ದು ಹಳೆಯ ಪದ್ಧತಿಯಲ್ಲಿ. ಆ ಪದ್ಧತಿ 2024ರ ಸೆಪ್ಟೆಂಬರಿಗೆ ನಿವೃತ್ತಿಯಾಗುತ್ತದೆಂದು ಮುಂಚಿತವಾಗಿಯೇ ತಿಳಿಸಿದ್ದರು. ಓದದೆ ಬಿಟ್ಟವನು ನಾನು. ಅದು ನಿಂತುಹೋದ ವಾರ ಕೆಲಸ ಬಿಟ್ಟ ಹುಡುಗಿ ಬರಿಗೈಯಲ್ಲಿ ಹೋದಳು. ಶನಿವಾರ, ಭಾನುವಾರ ಕೂತು ಎಲ್ಲವನ್ನೂ ಹೊಸದಾಗಿ ಬರೆದೆ.

ಅದಾದ ಮೇಲೆ ಕುದುರೆಯಂತೆ ಓಡಿತು. ಅಣ್ಣನಿಗೆ ಮೂರು ದಿನ ಹಿಡಿಯುತ್ತಿದ್ದದ್ದು ಊಟದ ಬಿಡುವಿನಲ್ಲಿ ಮುಗಿಯುತ್ತಿತ್ತು. ಎಲ್ಲರೂ ಬೆನ್ನು ತಟ್ಟಿದರು. ಆದರೆ ಕವರ್ ಮೊದಲೆಲ್ಲ ಬರಿ ದುಡ್ಡು ಹೊತ್ತು ಬರುತ್ತಿರಲಿಲ್ಲ. ಹೊರಟವಳು ಯಾವ ಕಂಪನಿಗೆ ಹೋಗುತ್ತಿದ್ದಾಳೆ, ಯಾರು ಶೌಚಾಲಯಕ್ಕೆ ಹೋಗಿ ಅತ್ತು ಬಂದರು, ಯಾರು ಜಗಳ ಮರೆತು ನೂರು ಹೆಚ್ಚು ಹಾಕಿದರು ಎಂಬುದೆಲ್ಲ ಅದರ ಜೊತೆ ಬರುತ್ತಿತ್ತು. ಈಗ ಬರುವುದು ಹಸಿರು ಟಿಕ್ ಒಂದೇ.

ಸ್ಲ್ಯಾಕ್ ಹುಟ್ಟಿದ ಕಥೆಯೂ ಹೀಗೆಯೇ, ಬೀಳ್ಕೊಡುಗೆಯದು. ಸ್ಟೀವರ್ಟ್ ಬಟರ್‌ಫೀಲ್ಡ್ ಮತ್ತು ಗೆಳೆಯರು ಗ್ಲಿಚ್ ಎಂಬ ಆನ್‌ಲೈನ್ ಆಟ ಕಟ್ಟಿ, ಅದು ಗಿಟ್ಟದೆ 2012ರಲ್ಲಿ ಬಾಗಿಲು ಹಾಕಿದರು. ಆಟ ಕಟ್ಟುವಾಗ ತಮ್ಮೊಳಗೆ ಮಾತಾಡಿಕೊಳ್ಳಲು ಮಾಡಿಕೊಂಡಿದ್ದ ಸಾಧನ ಮಾತ್ರ ಉಳಿಯಿತು, ಅದೇ ಸ್ಲ್ಯಾಕ್ ಆಯಿತು. ಆಡಿದ ಮಾತು, ತಿಳಿದ ವಿಷಯ ಎಲ್ಲವೂ ಹುಡುಕಿದರೆ ಸಿಗುವ ದಾಖಲೆ ಎಂದು ಆ ಹೆಸರನ್ನು ಬಿಡಿಸಿ ಹೇಳುತ್ತಾರೆ. ಅಣ್ಣ ಆರನೇ ಮಹಡಿಯಲ್ಲಿ ಆಡಿದ ಮಾತು ಎಷ್ಟು ಹುಡುಕಿದರೂ ಅದರಲ್ಲಿ ಸಿಗುವುದಿಲ್ಲ.

ಈ ವರ್ಷ ಅಣ್ಣ 'ಕಣ್ಣು ಮಂಜು ಸಾರ್, ಊರಿಗೆ ಹೋಗ್ತೀನಿ' ಎಂದರು. ನಾನು ಹುಮ್ಮಸ್ಸಿನಿಂದ ನನ್ನ ವರ್ಕ್‌ಫ್ಲೋ ತೆರೆದೆ. ಮೊದಲ ಪ್ರಶ್ನೆಯೇ ಹೊರಡುವವರು ಯಾರು ಎಂಬುದು. ಅಣ್ಣನ ಹೆಸರು ಹೊಡೆದೆ, ಬರಲಿಲ್ಲ. ಅವರು ಗುತ್ತಿಗೆಯವರು, ಅವರಿಗೆ ಅಕೌಂಟೇ ಕೊಟ್ಟಿರಲಿಲ್ಲ. ಹಟಕ್ಕೆ ಬಿದ್ದು, ಅವರ ಅರ್ಜಿಯಲ್ಲಿದ್ದ ಮಗಳ ಇಮೇಲ್ ಹಾಕಿ ಕೋಡಿನಿಂದಲೇ ಹುಡುಕಿಸಿದೆ. 'ಯೂಸರ್ಸ್ ನಾಟ್ ಫೌಂಡ್' ಎಂದಿತು. ಹನ್ನೆರಡು ವರ್ಷ ಎಲ್ಲ ಮಹಡಿಯಲ್ಲೂ ಕಣ್ಣಿಗೆ ಬೀಳುತ್ತಿದ್ದ ಮನುಷ್ಯ.

ಸ್ಟೇಷನರಿ ಕಪಾಟಿನಿಂದ ಕಂದು ಕವರ್ ತೆಗೆದುಕೊಂಡು ನಾನೇ ಹೊರಟೆ. 'ಕ್ಯಾಶ್ ಯಾರು ಸಾರ್ ಇಟ್ಕೋತಾರೆ?' ಎಂದವರೇ ಹೆಚ್ಚು. 'ಆಮೇಲೆ ಬನ್ನಿ' ಎಂದರು, ಹೋದೆ. 'ನೋಡೋಣ' ಎಂದರು, ನೋಡಿದೆ. ಒಬ್ಬಾಕೆ ತನ್ನ ಮಗುವಿನ ಆಪರೇಷನ್ ಆದ ವಾರ ಅಣ್ಣ ದಿನಾ ಫ್ಲಾಸ್ಕಿನಲ್ಲಿ ಟೀ ತುಂಬಿ ಕೊಡುತ್ತಿದ್ದುದನ್ನು ಇಪ್ಪತ್ತು ನಿಮಿಷ ಹೇಳಿದರು. ಎರಡು ದಿನ ಹಿಡಿಯಿತು. ಎಂಟು ವರ್ಷದಲ್ಲಿ ನಾಲ್ಕನೇ ಮಹಡಿಗೆ ಹೋದದ್ದು ಅದೇ ಮೊದಲು.

ಕೊನೆಯ ದಿನ ಪ್ಯಾಂಟ್ರಿಯಲ್ಲಿ ಕವರ್ ಕೊಟ್ಟೆ. ಅಣ್ಣ ಒಳಗೆ ನೋಡಲಿಲ್ಲ, ಹಿಂದೆ ತಿರುಗಿಸಿ ನೋಡಿದರು.

'ಹೆಸರೇ ಬರ್ಸಿಲ್ವಲ್ಲ ಸಾರ್. ನಾಳೆ ಇವರ ಮನೇಲಿ ಒಂದು ಶುಭಕಾರ್ಯ ಆದ್ರೆ ನಾನು ಯಾರಿಗೆ ಎಷ್ಟು ವಾಪಸ್ ಮಾಡ್ಲಿ?'

ಅಪ್ಪ ಇದ್ದಿದ್ದರೆ ಬೆತ್ತ ತೆಗೆದುಕೊಳ್ಳುತ್ತಿದ್ದರು. ಅಲ್ಲೇ ಕೂತು ನೆನಪು ಮಾಡಿಕೊಂಡು ಬರೆದೆ. ಕೊಟ್ಟವರು 57 ಜನ, ನೆನಪಾದದ್ದು 43 ಹೆಸರು. ಉಳಿದ ಹದಿನಾಲ್ಕು ಇನ್ನೂ ಬಾಕಿ ಇದೆ, ಅಣ್ಣ ಊರಿನಿಂದ ಎರಡು ಸಲ ಫೋನ್ ಮಾಡಿ ಕೇಳಿದರು. ಏಳನೇ ಮಹಡಿಯ ಕಿಟಕಿ ಪಕ್ಕ ಕೂತು, ಇನ್ನೂರರ ಎರಡು ನೋಟು ಸಣ್ಣಗೆ ಮಡಚಿ ಹಾಕಿದವರು ನೀವೇ ಆಗಿದ್ದರೆ ದಯವಿಟ್ಟು ನಿಮ್ಮ ಹೆಸರು ಹೇಳಿ. ಫಾರಂ ತುಂಬಬೇಕಾಗಿಲ್ಲ.