ಕಲ್ಲಿನ ಒಡಲು, ಮಕ್ಕಳ ಪ್ರಶ್ನೆ

ಹಟ್ಟಿಯ ಮಕ್ಕಳಿಗೆ ಕಲ್ಲು ಹೊಸ ವಸ್ತುವಲ್ಲ. ಅವರು ಹುಟ್ಟಿ ಬೆಳೆಯುವುದೇ ಕಲ್ಲೊಡೆದು ಬದುಕುವ ಊರಿನಲ್ಲಿ. ಗಣಿಯ ಪಾಳಿ ಬದಲಾದರೆ ಮನೆಯ ಊಟದ ಹೊತ್ತೂ ಬದಲಾಗುತ್ತದೆ. ಒಂದು ಟನ್ ಅದಿರನ್ನು ಪುಡಿಗೈದರೆ ದೊರೆಯುವ ಬಂಗಾರ ಕೆಲವೇ ಗ್ರಾಂ ಎಂಬ ಲೆಕ್ಕ ಇಲ್ಲಿನ ಹುಡುಗರಿಗೆ ಮಗ್ಗಿಯಷ್ಟೇ ಸಲೀಸು. ಇಂದಿನ ಗಣಿ ಕಂಪನಿ ಸ್ಥಾಪನೆಯಾದದ್ದು 1947ರಲ್ಲಿ. ಆದರೆ ಯಂತ್ರಗಳಿಲ್ಲದ ಕಾಲದಲ್ಲಿಯೇ ಬಂಡೆಯನ್ನು ಬೆಂಕಿಯಿಂದ ಕಾಯಿಸಿ, ನೀರೆರಚಿ ಸೀಳಿ, 600 ಅಡಿಗೂ ಹೆಚ್ಚು ಆಳಕ್ಕೆ ಇಳಿದಿದ್ದ ಪ್ರಾಚೀನರ ಕುರುಹುಗಳು ಈ ನೆಲದಡಿಯಲ್ಲಿವೆ. ಇಂತಹ ಊರಿನಲ್ಲಿ ಕಲ್ಲೊಡೆಯುವುದೆಂದರೆ ದುಡಿಮೆ. ಏನೂ ಸಿಗದಿದ್ದರೂ ಚಿಂತೆಯಿಲ್ಲ, ಒಳಗೇನಿದೆ ನೋಡೋಣ ಎಂದು ಕಲ್ಲೊಡೆಯುವುದು ಮಾತ್ರ ನಮ್ಮ ಮಕ್ಕಳಿಗೆ ಹೊಸದಾಗಿತ್ತು.

ಅದಕ್ಕೆ ಕಾರಣನಾದವನು ಕಲಬುರಗಿ ಜಿಲ್ಲೆಯ ಆಳಂದದ ಕಡೆ ಒಕ್ಕಲುತನ ಮಾಡುವ ನನ್ನ ತಮ್ಮ. ಬಾವಿ ತೋಡಿಸುವಾಗ ಕರಿಕಲ್ಲಿನ ನಡುವೆ ಸಿಕ್ಕ ಏಳು ಗುಂಡುಕಲ್ಲುಗಳನ್ನು ಗೋಣಿಚೀಲದಲ್ಲಿ ಕಟ್ಟಿ ಬೇಸಿಗೆ ರಜೆಯಲ್ಲಿ ತಂದಿದ್ದ. ಚಿಕ್ಕದು ನಿಂಬೆಹಣ್ಣಿನಷ್ಟು, ದೊಡ್ಡದು ತೆಂಗಿನಕಾಯಿಯಷ್ಟು. ಹೊರಮೈ ಬೂದುಬಣ್ಣದ ಗಂಟುಗಂಟು. ದಾರಿಯಲ್ಲಿ ಬಿದ್ದಿದ್ದರೆ ಯಾರೂ ಎತ್ತಿಕೊಳ್ಳುತ್ತಿರಲಿಲ್ಲ. ಇಂತಹ ಕಲ್ಲುಗಳಲ್ಲಿ ಒಳಗೆ ಟೊಳ್ಳಾಗಿದ್ದು, ಆ ಟೊಳ್ಳಿನ ಗೋಡೆಗೆ ಹರಳು ಬೆಳೆದಿರುವಂಥದನ್ನು ಭೂವಿಜ್ಞಾನಿಗಳು ಜಿಯೋಡ್ ಎನ್ನುತ್ತಾರೆ.

ಹಟ್ಟಿಯಲ್ಲಿ ಸಿಗದ ಕಲ್ಲು ಆಳಂದದಲ್ಲಿ ಏಕೆ ಸಿಗಬೇಕು? ನಮ್ಮ ಕಾಲ ಕೆಳಗಿನ ಶಿಲೆಯೂ ಒಂದು ಕಾಲಕ್ಕೆ ಲಾವಾರಸವೇ ಆಗಿತ್ತು. ಆದರೆ ಅದು 250 ಕೋಟಿ ವರ್ಷಗಳಿಗೂ ಹಿಂದಿನದು. ಭೂಮಿಯ ಒತ್ತಡಕ್ಕೂ ಕಾವಿಗೂ ಸಿಕ್ಕಿ ಹಿಂಡಿ ಹಿಪ್ಪೆಯಾಗಿ ತನ್ನ ಮೊದಲ ರೂಪವನ್ನೇ ಕಳೆದುಕೊಂಡಿದೆ. ಆಳಂದದ ಕರಿಕಲ್ಲು ಹಾಗಲ್ಲ. ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಇಂದಿನ ಮಹಾರಾಷ್ಟ್ರವನ್ನೂ ನಮ್ಮ ಬೀದರ, ಕಲಬುರಗಿ, ವಿಜಯಪುರ, ಬೆಳಗಾವಿ ಸೀಮೆಗಳನ್ನೂ ಹೊದ್ದಿಸಿದ ದಖನ್ ಲಾವಾದ ಅಂಚು ಅದು. ಹರಿದು ಬಂದ ಲಾವಾರಸದಲ್ಲಿ, ಕುದಿಯುವ ಅಂಬಲಿಯಲ್ಲಿ ಏಳುವಂತೆ, ಗಾಳಿಗುಳ್ಳೆಗಳಿದ್ದವು. ರಸ ಗಟ್ಟಿಯಾದಾಗ ಗುಳ್ಳೆಗಳು ಪೊಟರೆಗಳಾಗಿ ಉಳಿದವು. ಅನಂತರ ಶಿಲೆಯ ಸಂದುಗಳಲ್ಲಿ ಇಳಿದ ಬಿಸಿನೀರು ತನ್ನಲ್ಲಿ ಕರಗಿದ್ದ ಸಿಲಿಕಾವನ್ನು ಆ ಪೊಟರೆಗಳ ಗೋಡೆಗೆ ಪದರಪದರವಾಗಿ ಬಳಿಯಿತು. ಕಾಲಾಂತರದಲ್ಲಿ ಸುತ್ತಲಿನ ಕರಿಕಲ್ಲು ಸವೆದು ಮಣ್ಣಾದರೂ ಒಳಗಿನ ಗಡುಸು ಗುಂಡು ಹಾಗೆಯೇ ಉಳಿಯುತ್ತದೆ.

ಒಡೆಯುವ ಮುನ್ನ ಮಕ್ಕಳಿಗೆ ಒಂದೊಂದನ್ನೂ ಕೈಯಲ್ಲಿ ತೂಗಿ ನೋಡಲು ಹೇಳಿದೆವು. ಗಾತ್ರಕ್ಕೆ ಹೋಲಿಸಿದರೆ ಹಗುರವಾಗಿರುವುದು ಟೊಳ್ಳಾಗಿರಬಹುದು. ಎಂಟನೆಯ ತರಗತಿಯ ಮಗಳು ತನ್ನ ಊಹೆಗಳನ್ನು ನೋಟುಪುಸ್ತಕದಲ್ಲಿ ಬರೆದುಕೊಂಡಳು. ನಾಲ್ಕನೆಯ ತರಗತಿಯ ಮಗ ಮಾತ್ರ ಹಟ್ಟಿಯ ಮಗನೇ ಆಗಿ, "ಇದ್ರಾಗ ಬಂಗಾರ ಐತೇನಜ್ಜ?" ಎಂದು ಕೇಳಿದ.

"ಇಲ್ಲಪ. ಬಂಗಾರ ಇದ್ರ ನಿಮ್ಮ ಮಾಮ ಬಸ್ಸಿನ್ಯಾಗ ಹಾಕ್ಕೊಂಡು ಬರ್ತಿದ್ನೇನು?" ಎಂದರು ನಮ್ಮ ಮಾವನವರು.

ಮಾವನವರು ಮೂವತ್ತು ವರ್ಷ ನೆಲದಡಿಯಲ್ಲಿ ದುಡಿದು ನಿವೃತ್ತರಾದವರು. ಸುತ್ತಿಗೆ ಎತ್ತಿಕೊಂಡ ಮೊಮ್ಮಗನನ್ನು ತಡೆದು ಅವರು ಹೇಳಿದ್ದು ಒಂದೇ ಮಾತು: "ಒಣಕಲ್ಲಿಗೆ ಏಟು ಹಾಕಬ್ಯಾಡ. ಮೊದಲು ನೀರು ಹೊಡಿ." ಈ ಕಲ್ಲುಗಳೂ ಗಣಿಯ ಬೆಣಚುಕಲ್ಲೂ ಮೂಲತಃ ಸಿಲಿಕಾ. ಅದರ ನುಣ್ಣನೆಯ ಧೂಳು ವರ್ಷಗಟ್ಟಲೆ ಉಸಿರಿನಲ್ಲಿ ಸೇರಿದರೆ ಶ್ವಾಸಕೋಶ ಗಟ್ಟಿಯಾಗಿ ಸಿಲಿಕೋಸಿಸ್ ಎಂಬ ವಾಸಿಯಾಗದ ರೋಗ ಬರುತ್ತದೆ. ಆದುದರಿಂದಲೇ ಗಣಿಗಳಲ್ಲಿ ಬೈರಿಗೆಯ ತುದಿಗೆ ನೀರು ಹಾಯಿಸುತ್ತಾರೆ. ಒಂದು ಸಂಜೆಯ ಆಟದಿಂದ ರೋಗ ಬರಲಾರದು, ನಿಜ. ಆದರೂ ಮಾವನವರು ಬಿಡಲಿಲ್ಲ. ನನಗೂ ಅದು ಸರಿಯೆನಿಸಿತು. ಕಲ್ಲನ್ನು ಬಕೆಟ್ಟಿನಲ್ಲಿ ನೆನೆಸಿ, ಒದ್ದೆ ಗೋಣಿಯಲ್ಲಿ ಸುತ್ತಿ, ಚೂರು ಸಿಡಿದರೆ ಕಣ್ಣಿಗೆ ತಾಗದಂತೆ ಎಲ್ಲರೂ ಕನ್ನಡಕ ಧರಿಸಿ ಕುಳಿತೆವು. ಒಂದೇ ಏಟಿಗೆ ಒಡೆದರೆ ಹರಳೆಲ್ಲ ಪುಡಿಯಾಗುತ್ತದೆ. ಚಾಣವನ್ನು ಕಲ್ಲಿನ ನಡುಭಾಗಕ್ಕೆ ಇಟ್ಟು ಮೆಲ್ಲಗೆ ತಟ್ಟಿ, ಕಲ್ಲನ್ನು ತುಸು ಹೊರಳಿಸಿ ಮತ್ತೆ ತಟ್ಟಿ, ಸುತ್ತಲೂ ಒಂದು ಗೆರೆ ಮೂಡಿಸಬೇಕು. ಎರಡು ಮೂರು ಸುತ್ತು ಬಂದ ಮೇಲೆ ಕಲ್ಲಿನ ಸದ್ದು ಬದಲಾಗುತ್ತದೆ. ಆ ಸದ್ದನ್ನು ಮೊದಲು ಗುರುತಿಸಿದವರು ಮಾವನವರೇ.

ಏಳರಲ್ಲಿ ನಾಲ್ಕು ಒಳಗೂ ಗಟ್ಟಿ ಕಲ್ಲೇ. ಅವುಗಳಲ್ಲಿ ಒಂದರಲ್ಲಿ ಈರುಳ್ಳಿಯ ಸುರುಳಿಯಂತೆ ಬೂದು ಬಿಳುಪಿನ ಪಟ್ಟೆಗಳಿದ್ದವು, ಅದು ಅಗೇಟ್. ಒಂದು ಟೊಳ್ಳಾಗಿತ್ತು, ಆದರೆ ಒಳಗೆ ಇದ್ದದ್ದು ಹಿಡಿಯಷ್ಟು ಜೇಡಿಮಣ್ಣು. ಉಳಿದ ಎರಡರಲ್ಲಿ ಹರಳುಗಳಿದ್ದವು. ತೆಂಗಿನಕಾಯಿ ಗಾತ್ರದ್ದು ಎರಡು ಹೋಳಾಗಿ ತೆರೆದುಕೊಂಡಾಗ ಮಗ ಕೂಗಲಿಲ್ಲ, ಬೆರಳನ್ನು ಒಳಗೆ ಇಟ್ಟು ಸುಮ್ಮನೆ ಕುಳಿತ. ಮಗಳ ಊಹೆಗಳಲ್ಲಿ ಮೂರು ಸರಿ, ನಾಲ್ಕು ತಪ್ಪು. ಅದನ್ನೂ ಆಕೆ ಬರೆದಿಟ್ಟುಕೊಂಡಳು.

ಆಮೇಲೆ ಮಾವನವರು ತಮ್ಮ ಪೆಟ್ಟಿಗೆಯಲ್ಲಿದ್ದ ಬಿಳಿ ಬೆಣಚುಕಲ್ಲಿನ ತುಂಡೊಂದನ್ನು ತಂದು ಜಿಯೋಡಿನ ಪಕ್ಕದಲ್ಲಿ ಇಟ್ಟರು. ಎರಡೂ ಒಂದೇ ವಸ್ತು. ಆದರೆ ಬೆಣಚುಕಲ್ಲಿಗೆ ಮುಖವಿಲ್ಲ, ಹರಳಿಗೆ ಮುಖಗಳಿವೆ. ನಮ್ಮ ನೆಲದಲ್ಲಿ ಬಿಸಿನೀರು ಬಂಡೆಯ ಬಿರುಕನ್ನು ಪೂರ್ತಿಯಾಗಿ ತುಂಬಿತು. ಹರಳುಗಳು ಒಂದರ ಮೇಲೊಂದು ಒತ್ತಿ ಬೆಳೆದು ಆಕಾರವನ್ನು ಕಳೆದುಕೊಂಡವು. ಆಳಂದದ ಕಲ್ಲಿನಲ್ಲಿ ನಡುವೆ ಖಾಲಿ ಜಾಗ ಉಳಿದಿತ್ತು.

ಮಕ್ಕಳು ಹರಳಿನ ತುದಿಗಳನ್ನು ಎಣಿಸಿದರು. ಎಲ್ಲಿ ಎಣಿಸಿದರೂ ಆರು ಮುಖ. ಕಳಚಿ ಬಿದ್ದ ಒಂದು ಹರಳಿನ ಪಕ್ಕಗಳನ್ನು ಕೋನಮಾಪಕದಿಂದ ಅಳೆದರು: 120 ಡಿಗ್ರಿಯ ಆಸುಪಾಸು. ಹರಳು ಚಿಕ್ಕದಿರಲಿ, ದೊಡ್ಡದಿರಲಿ, ಸೊಟ್ಟಗಿರಲಿ, ಆ ಕೋನ ಬದಲಾಗುವುದಿಲ್ಲ. ಇದನ್ನು ಮೊದಲು ಗಮನಿಸಿದವರು ಡೆನ್ಮಾರ್ಕಿನ ನೀಲ್ಸ್ ಸ್ಟೆನ್ಸನ್. ಸ್ಟೆನೊ ಎಂದೇ ಅವರು ಪ್ರಸಿದ್ಧರು. ಘನವಸ್ತುವೊಂದರ ಒಳಗೆ ಇನ್ನೊಂದು ಘನವಸ್ತು ಹೇಗೆ ಬಂದಿತು ಎಂಬ ಪ್ರಶ್ನೆಯನ್ನೇ ವಿಷಯವಾಗಿಸಿಕೊಂಡು ಅವರು 1669ರಲ್ಲಿ ಫ್ಲಾರೆನ್ಸಿನಲ್ಲಿ ಪುಸ್ತಕ ಪ್ರಕಟಿಸಿದರು. ಶಿಲಾಪದರಗಳಲ್ಲಿ ಕೆಳಗಿನದು ಹಿರಿಯದು, ಮೇಲಿನದು ಕಿರಿಯದು ಎಂಬ, ಭೂಮಿಯ ಚರಿತ್ರೆಯನ್ನು ಓದುವ ಮೊದಲ ಪಾಠವೂ ಅದರಲ್ಲಿಯೇ ಇದೆ. ಅದೇ ಸ್ಟೆನೊ 1675ರಲ್ಲಿ ಗುರುದೀಕ್ಷೆ ಪಡೆದರು, 1677ರಲ್ಲಿ ಬಿಷಪರಾದರು, ಬಡವರ ನಡುವೆ ಬಡವರಾಗಿ ಬಾಳಿದರು. 1988ರಲ್ಲಿ ದ್ವಿತೀಯ ಜಾನ್ ಪೌಲ್ ಜಗದ್ಗುರುಗಳು ಅವರನ್ನು ಪುನೀತರ ಶ್ರೇಣಿಗೆ ಸೇರಿಸಿದರು. ಅವರ ತರುವಾಯ ಹರಳುಗಳ ವಿಜ್ಞಾನಕ್ಕೆ ತಳಪಾಯ ಹಾಕಿದ ಫ್ರಾನ್ಸಿನ ರೆನೆ ಜೂಸ್ಟ್ ಆವಿ (1743–1822) ಅವರೂ ಒಬ್ಬ ಗುರುಗಳೇ. ಗೆಳೆಯರ ಸಂಗ್ರಹದಲ್ಲಿದ್ದ ಕ್ಯಾಲ್ಸೈಟ್ ಹರಳೊಂದು ಅವರ ಕೈಜಾರಿ ಬಿದ್ದು ಒಡೆಯಿತು. ಚೂರುಗಳ ಆಕಾರವನ್ನು ಕಂಡು ಬೆರಗಾಗಿ, ಮನೆಗೆ ಹೋಗಿ ತಮ್ಮ ಹರಳುಗಳನ್ನು ತಾವೇ ಒಡೆದು ಪರೀಕ್ಷಿಸಿದರು. ಈ ಕಥೆ ಮಗನಿಗೆ ಬಹಳ ಹಿಡಿಸಿತು.

ಮಗಳ ಪ್ರಶ್ನೆ ಬೇರೆಯದಾಗಿತ್ತು. "ಅಮ್ಮಾ, ಆರು ಕೋಟಿ ವರ್ಷ ಅಂತ ಇಲ್ಲಿ ಹೇಳ್ತೀಯ. ಭಾನುವಾರ ಧರ್ಮೋಪದೇಶದಾಗ ಆರು ದಿನ ಅಂತೀಯ. ಯಾವುದು ಖರೇ?"

ಧರ್ಮಕೇಂದ್ರದ ಮಕ್ಕಳಿಗೆ ಧರ್ಮೋಪದೇಶ ಕಲಿಸುವವಳು ನಾನೇ. ನಮ್ಮಲ್ಲಿ ಕೆಲವು ಹಿರಿಯರಿಗೆ ಇಂತಹ ಪ್ರಶ್ನೆ ಬಂದರೆ ಭಯ. ಶಾಲೆಯ ಪಾಠವನ್ನು ಶಾಲೆಗೇ ಬಿಡಬೇಕು, ಗುಡಿಯ ಮಾತಿನೊಡನೆ ಬೆರೆಸಿದರೆ ಮಕ್ಕಳು ವಿಶ್ವಾಸದಿಂದ ದೂರವಾಗುತ್ತಾರೆ ಎಂದು ಅವರು ಪ್ರೀತಿಯಿಂದಲೇ ಎಚ್ಚರಿಸುತ್ತಾರೆ. ನನ್ನ ಅಭಿಪ್ರಾಯ ಬೇರೆ. ಎರಡು ಕೋಣೆಗಳಲ್ಲಿ ಎರಡು ಉತ್ತರ ಕೇಳಿ ಬೆಳೆದ ಮಗು ಒಂದು ದಿನ ಒಂದು ಕೋಣೆಯ ಬಾಗಿಲನ್ನು ಮುಚ್ಚುತ್ತದೆ. ಸಾಮಾನ್ಯವಾಗಿ ಅದು ನಮ್ಮ ಕೋಣೆಯೇ ಆಗಿರುತ್ತದೆ.

ಆದುದರಿಂದ ಇದ್ದದ್ದನ್ನು ಇದ್ದಂತೆ ಹೇಳಿದೆ. ಲಾವಾದ ವಯಸ್ಸು ಯಾರದೋ ಊಹೆಯಲ್ಲ. ಶಿಲೆಯಲ್ಲಿರುವ ಒಂದು ಬಗೆಯ ಪೊಟ್ಯಾಸಿಯಂ ಗೊತ್ತಾದ ವೇಗದಲ್ಲಿ ಆರ್ಗಾನ್ ಅನಿಲವಾಗಿ ಮಾರ್ಪಡುತ್ತದೆ. ಎಷ್ಟು ಮಾರ್ಪಟ್ಟಿದೆ ಎಂಬುದನ್ನು ಅಳೆದು ಲೆಕ್ಕ ಹಾಕುತ್ತಾರೆ. ಹರಳು ಲಾವಾಕ್ಕಿಂತ ಕಿರಿಯದು, ಏಕೆಂದರೆ ಪೊಟರೆ ಆದ ಮೇಲೆಯೇ ಅದು ಬೆಳೆಯಬೇಕು. ಇನ್ನು ಆದಿಕಾಂಡದ ಆರು ದಿನಗಳು ಶಿಲೆಯ ವಯಸ್ಸನ್ನು ಹೇಳಲು ಬರೆದವುಗಳಲ್ಲ. ಸೃಷ್ಟಿ ಯಾರದು, ಅದು ಒಳ್ಳೆಯದೇ, ಅದರಲ್ಲಿ ಮನುಷ್ಯನ ಸ್ಥಾನ ಯಾವುದು ಎಂಬುದನ್ನು ಹೇಳಲು ಬರೆದವು. ಪವಿತ್ರಗ್ರಂಥದ ಲೇಖಕರು ಬಳಸಿದ ಬರವಣಿಗೆಯ ಬಗೆಗಳನ್ನು ಅರಿತು ಓದಬೇಕೆಂದು ಹನ್ನೆರಡನೆಯ ಪಿಯುಸ್ ಜಗದ್ಗುರುಗಳು 1943ರಲ್ಲಿಯೇ ತಿಳಿಸಿದ್ದರು. ವಿಶ್ವದ ವಯಸ್ಸು, ವಿಸ್ತಾರಗಳ ಬಗ್ಗೆ ವಿಜ್ಞಾನ ಕಂಡುಕೊಂಡದ್ದು ಸೃಷ್ಟಿಕರ್ತನ ಹಿರಿಮೆಯನ್ನು ಇನ್ನಷ್ಟು ಮೆಚ್ಚಲು ನೆರವಾಗುತ್ತದೆ ಎಂಬರ್ಥದ ಮಾತು 1992ರ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥದಲ್ಲಿಯೂ ಇದೆ.

ಮಗಳು ಕೂಡಲೇ ಒಪ್ಪಿಬಿಡಲಿಲ್ಲ. "ಹಾಗಾದರೆ ದೇವರಿಗೆ ಅಷ್ಟೊಂದು ವರ್ಷ ಯಾಕ ಬೇಕಾಯ್ತು?" ಎಂದಳು. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ, ಇಲ್ಲವೆಂದೇ ಹೇಳಿದೆ. ಜಗಲಿಯ ಮೇಲೆ ಕುಳಿತಿದ್ದ ಮಾವನವರು, "ಅವಸರ ಇರೋದು ನಮಗವ್ವ" ಎಂದಷ್ಟೇ ಅಂದರು.

ಜಿಯೋಡನ್ನು ಕೈಯಲ್ಲಿ ಹಿಡಿದವರಿಗೆ ಪ್ರವಚನ ಮಾಡುವ ಆಸೆ ಬರುವುದು ಸಹಜ. ಹೊರಗೆ ಒರಟು, ಒಳಗೆ ಚೆಲುವು, ಮನುಷ್ಯನ ಹೃದಯವೂ ಹಾಗೆಯೇ ಎಂದು. ನಾನು ಹಾಗೆ ಹೇಳಲಿಲ್ಲ. ಏಳರಲ್ಲಿ ಐದಕ್ಕೆ ಆ ಮಾತು ಹೊಂದುತ್ತಿರಲಿಲ್ಲ. ಮಕ್ಕಳು ಅದನ್ನು ಎಣಿಸಿಯೂ ಇದ್ದರು. ಅದರ ಬದಲು ಅಂದಿನ ಸಂಜೆಯ ಪ್ರಾರ್ಥನೆಯಲ್ಲಿ ಯೋಬನ ಗ್ರಂಥದ 28ನೆಯ ಅಧ್ಯಾಯವನ್ನು ಓದಿದೆವು. ಗಣಿಗಾರರು ಹದ್ದಿನ ಕಣ್ಣಿಗೂ ಕಾಣದ ದಾರಿಯಲ್ಲಿ ಇಳಿದು, ಬೆಟ್ಟದ ಬುಡವನ್ನೇ ತಿರುವಿಹಾಕುವ ವರ್ಣನೆ ಅಲ್ಲಿದೆ. ಗಣಿಯಲ್ಲಿ ದುಡಿದವರ ಮನೆಯಲ್ಲಿ ಅದನ್ನು ಓದುವುದೇ ಬೇರೆ. ಮಾವನವರು ಮತ್ತೊಮ್ಮೆ ಓದಿಸಿದರು. ಪ್ರಕಟನಾ ಗ್ರಂಥದ 21ನೆಯ ಅಧ್ಯಾಯದಲ್ಲಿ ಪವಿತ್ರ ನಗರದ ಮೂರನೆಯ ಅಸ್ತಿವಾರಕ್ಕೆ ಹೇಳಿರುವ ಕಲ್ಲಿನಿಂದಲೇ ಕ್ಯಾಲ್ಸೆಡೊನಿ ಎಂಬ ಹೆಸರು ಬಂದಿದೆ. ನಮ್ಮ ಜಿಯೋಡಿನ ಹರಳುಗಳ ಹಿಂದಿನ ಬೂದುಬಣ್ಣದ ಗೋಡೆಯನ್ನು ಇಂದು ಕರೆಯುವುದು ಆ ಹೆಸರಿನಿಂದಲೇ.

ಪಟ್ಟೆಯ ಅಗೇಟ್ ತುಂಡಿನ ಕಥೆ ಇನ್ನೂ ಮುಗಿದಿಲ್ಲ. ನೆರೆಯ ಮಸ್ಕಿಯ ಹೆಸರು ಜಗತ್ತಿಗೆ ತಿಳಿದದ್ದು 1915ರಲ್ಲಿ, ಬೀಡನ್ ಎಂಬ ಬಂಗಾರದ ಗಣಿಯ ಎಂಜಿನಿಯರ್ ಅಲ್ಲಿ ಅಶೋಕನ ಶಾಸನವನ್ನು ಕಂಡಾಗ. 1954ರಲ್ಲಿ ಬಿ.ಕೆ. ಥಾಪರ್ ಅವರು ಅಲ್ಲಿ ಉತ್ಖನನ ನಡೆಸಿದಾಗ ಪ್ರಾಚೀನರು ಧರಿಸುತ್ತಿದ್ದ ಮಣಿಗಳು ದೊರೆತವು; ಅವುಗಳಲ್ಲಿ ಅಗೇಟಿನವೂ, ಕೆಂಪು ಕಾರ್ನೇಲಿಯನ್ನಿನವೂ ಇವೆ. ದಖನ್ ಸೀಮೆಯಲ್ಲಿ ಅಂತಹ ಕಲ್ಲು ಹುಟ್ಟುವುದು ಲಾವಾದ ಪೊಟರೆಗಳಲ್ಲಿ. ಕೃಷ್ಣೆಯೂ ಭೀಮೆಯೂ ಆ ಸೀಮೆಯನ್ನು ಹಾದೇ ನಮ್ಮ ಜಿಲ್ಲೆಗೆ ಬರುತ್ತವೆ. ಇದನ್ನು ಕೇಳಿದ ಮಗ ಅಗೇಟನ್ನು ಮೆಟ್ಟಿಲಿನ ಒರಟು ಕಲ್ಲಿಗೆ ನೀರು ಹಾಕಿ ಉಜ್ಜತೊಡಗಿದ್ದಾನೆ. ಮೂರು ವಾರ ಕಳೆದರೂ ಒಂದು ಮೂಲೆ ಮಾತ್ರ ನುಣುಪಾಗಿದೆ. ಅಷ್ಟು ಗಡಸು ಕಲ್ಲಿಗೆ ಆ ಜನ ತೂತು ಕೊರೆದದ್ದು ಹೇಗೆ ಎಂದು ಈಗ ಅಜ್ಜ ಮೊಮ್ಮಗ ಇಬ್ಬರೂ ಸೇರಿ ಯೋಚಿಸುತ್ತಿದ್ದಾರೆ.