ನಾಲ್ಕು ತಾಲ್ಲೂಕು, ನಾಲ್ಕು ಕಾಲದ ರೊಟ್ಟಿ

ತುಮಕೂರಿನಿಂದ ಉತ್ತರಕ್ಕೆ ಹೊರಟ ಬಸ್ಸು ಕೊರಟಗೆರೆ ದಾಟಿತೆಂದರೆ ತೆಂಗು, ಅಡಿಕೆಯ ಹಸಿರು ತೆಳುವಾಗುತ್ತಾ ಬರುತ್ತದೆ. ಬಂಡೆಗಲ್ಲಿನ ಗುಡ್ಡಗಳು, ಹುಣಸೆ ಮರಗಳು, ಕೆಂಪು ಮಣ್ಣಿನ ಹೊಲಗಳು ಎದುರಾಗುತ್ತವೆ. ಮುಂದೆ ಮಧುಗಿರಿಯ ಏಕಶಿಲಾ ಬೆಟ್ಟ, ಅದರ ಮೈಮೇಲೆ ಏರಿಹೋದ ಕೋಟೆ. ಪಶ್ಚಿಮಕ್ಕೆ, 1687ರಲ್ಲಿ ಮೊಗಲರ ಸುಬಾ ಕೇಂದ್ರವಾದ ಶಿರಾ. ಉತ್ತರದ ತುದಿಯಲ್ಲಿ, ಬಹುಪಾಲು ಆಂಧ್ರಪ್ರದೇಶದಿಂದ ಸುತ್ತುವರಿದ ಪಾವಗಡ. ಈ ನಾಲ್ಕು ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ.

ಕೋಟೆ, ಗುಡಿ, ದರ್ಗಾ ನೋಡಲು ಬರುವ ಪ್ರವಾಸಿಗಳು ಇಲ್ಲಿ ನೋಡದೇ ಹೋಗುವುದು ಒಂದಿದೆ. ಅದು ಮನೆಗಳ ಒಲೆಯ ಮೇಲಿನ ರೊಟ್ಟಿ ಹೆಂಚು. ವರ್ಷಕ್ಕೆ ಸುಮಾರು 550ರಿಂದ 750 ಮಿಲಿಮೀಟರ್ ಮಳೆಯ ಈ ಸೀಮೆಗೆ ಒಗ್ಗಿದ ಧಾನ್ಯ ರಾಗಿ. ಮುದ್ದೆ ನಿತ್ಯದ ಊಟವಾದರೆ, ರಾಗಿ ರೊಟ್ಟಿ ಕಾಲಕ್ಕೆ ತಕ್ಕಂತೆ ರುಚಿ ಬದಲಿಸುವ ತಿಂಡಿ. ಹೊಲದಲ್ಲಿ ಏನಿದೆ ಎಂಬುದನ್ನು ಅದು ತಟ್ಟೆಯಲ್ಲೇ ಹೇಳಿಬಿಡುತ್ತದೆ.

ಉಬ್ಬದ ರೊಟ್ಟಿಯ ವಿಜ್ಞಾನ

ಬೇಕರಿಯ ಬ್ರೆಡ್ ಉಬ್ಬುತ್ತದೆ, ರಾಗಿ ರೊಟ್ಟಿ ಹಾಗೆ ಉಬ್ಬುವುದಿಲ್ಲ. ಏಕೆ? ಗೋಧಿ ಹಿಟ್ಟನ್ನು ನಾದಿದಾಗ ಗ್ಲುಟೆನ್ ಎಂಬ ಸಸಾರಜನಕ ರಬ್ಬರಿನಂತಹ ಬಲೆಯಾಗುತ್ತದೆ. ಯೀಸ್ಟ್ ಸಕ್ಕರೆ ತಿಂದು ಹೊರಬಿಡುವ ಇಂಗಾಲದ ಡೈ ಆಕ್ಸೈಡ್ ಆ ಬಲೆಯಲ್ಲಿ ಸಿಕ್ಕಿಬಿದ್ದು ಹಿಟ್ಟು ಉಬ್ಬುತ್ತದೆ. ರಾಗಿಯಲ್ಲಿ ಗ್ಲುಟೆನ್ ಇಲ್ಲ. ಆದ್ದರಿಂದಲೇ ಹಿಟ್ಟಿಗೆ ಬಿಸಿನೀರು ಹಾಕಿ ಕಲಸುವುದು. ಪಿಷ್ಟದ ಕಣಗಳು ಬಿಸಿಗೆ ಹಿಗ್ಗಿ ಅಂಟಾಗುತ್ತವೆ. ತಟ್ಟುವಾಗ ಹಿಟ್ಟು ಬಿರಿಯದಂತೆ ಹಿಡಿದಿಡುವುದು ಈ ಅಂಟು. ಹೆಂಚಿನ ಮೇಲೆ ತಟ್ಟೆ ಮುಚ್ಚಿದರೆ ಒಳಗಿನ ಆವಿಯೇ ರೊಟ್ಟಿಯ ಮೇಲ್ಭಾಗವನ್ನೂ ಬೇಯಿಸುತ್ತದೆ.

ತಳ ಕಂದುಬಣ್ಣಕ್ಕೆ ತಿರುಗುವಾಗ ಏಳುವ ಘಮಕ್ಕೆ ಕಾರಣ, ಸಸಾರಜನಕದ ಅಂಶಗಳು ಮತ್ತು ಸಕ್ಕರೆ ಕಾವಿನಲ್ಲಿ ವರ್ತಿಸುವುದು. ಫ್ರಾನ್ಸಿನ ಲೂಯಿ ಕಮೀಲ್ ಮಯಾರ್ 1912ರಲ್ಲಿ ಇದನ್ನು ವಿವರಿಸಿದ. ಪ್ಯಾರಿಸ್ಸಿನ ಬ್ರೆಡ್ಡಿಗೂ ಪಾವಗಡದ ರೊಟ್ಟಿಗೂ ರಸಾಯನಶಾಸ್ತ್ರ ಒಂದೇ!

ಮಳೆಯಿಂದ ಬೇಸಿಗೆವರೆಗೆ

ಮುಂಗಾರು ಹನಿದು ಹೊಲದ ಬದುಗಳು ಚಿಗುರಿದರೆ ರೊಟ್ಟಿಗೆ ಸೊಪ್ಪಿನ ಕಾಲ. ಅಣ್ಣೆ, ದಂಟು, ನುಗ್ಗೆ, ಯಾವುದು ಸಿಕ್ಕಿದರೆ ಅದು ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿಯ ಜೊತೆ ಹಿಟ್ಟಿಗೆ ಬೀಳುತ್ತದೆ. ಆಗ ಬಳಸುವ ಹಿಟ್ಟು ಹಿಂದಿನ ವರ್ಷದ ರಾಗಿಯದು. ಕಾಳು ಸಣ್ಣದು, ಸಿಪ್ಪೆ ಗಟ್ಟಿ, ಹುಳು ಸುಲಭಕ್ಕೆ ಹೊಗುವುದಿಲ್ಲ. ಹಿಂದಿನವರು ನೆಲದೊಳಗಿನ ಹಗೇವುಗಳಲ್ಲಿ ರಾಗಿ ತುಂಬಿ ವರ್ಷಗಟ್ಟಲೆ ಕಾಪಾಡುತ್ತಿದ್ದರು. ಬರಗಾಲಕ್ಕೆ ಅದೇ ವಿಮೆ.

ದಸರಾ, ದೀಪಾವಳಿಯ ಸುಮಾರಿಗೆ ಪಾವಗಡ, ಶಿರಾ ಕಡೆ ಕಡಲೆಕಾಯಿ ಕೀಳುತ್ತಾರೆ. ಆಗ ರೊಟ್ಟಿಯ ಜೊತೆಗಾರ ಹೊಸ ಕಡಲೆಬೀಜದ ಚಟ್ನಿ.

ರೊಟ್ಟಿಯ ನಿಜವಾದ ಹಬ್ಬ ಚಳಿಗಾಲ. ರಾಗಿ ಕೊಯ್ಲಿನ ಹಿಂದೆಯೇ ಸೊಗಡಿನ ಅವರೆಕಾಯಿ ಬರುತ್ತದೆ. ಬೇಯಿಸಿದ ಎಳೆ ಅವರೆಕಾಳು, ಸಬ್ಬಸಿಗೆ ಸೊಪ್ಪು ಬೆರೆಸಿದ ರೊಟ್ಟಿಗೆ ಒಂದು ಚಮಚ ತುಪ್ಪ ಸಾಕು. ಈ ಜೋಡಿ ತಟ್ಟೆಯಲ್ಲಷ್ಟೇ ಅಲ್ಲ, ಹೊಲದಲ್ಲೂ ಜೋಡಿಯೇ. ರಾಗಿಯ ನಡುವೆ ಅಕ್ಕಡಿ ಸಾಲಾಗಿ ಅವರೆ ಬಿತ್ತುವುದು ಹಳೆಯ ಪದ್ಧತಿ. ಅವರೆಯ ಬೇರುಗಂಟಿನ ರೈಜೋಬಿಯಂ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುತ್ತದೆ. ಪಾಠದ ಪುಸ್ತಕದ ಸಾರಜನಕ ಚಕ್ರ ಇಲ್ಲಿ ಹೊಲದ ಸಾಲಿನಲ್ಲೇ ಕಾಣಸಿಗುತ್ತದೆ.

ಬೇಸಿಗೆಗೆ ಸೊಪ್ಪು ಕಡಿಮೆ, ಹೊಸ ಹುಣಸೆಹಣ್ಣು ಧಾರಾಳ. ಬರಿಯ ಈರುಳ್ಳಿ ರೊಟ್ಟಿ, ಹುಳಿಚಟ್ನಿ, ಒಂದು ಲೋಟ ಮಜ್ಜಿಗೆ. ಶಿರಾ ತಾಲ್ಲೂಕಿನ ಕಗ್ಗಲಡು ಗ್ರಾಮದಲ್ಲಿ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವುದನ್ನೂ ನೋಡಬಹುದು.

ನಾಚಿಕೆ ಏಕೆ?

ಇಷ್ಟೆಲ್ಲ ಇದ್ದರೂ ಈ ರೊಟ್ಟಿ ಮಕ್ಕಳ ಟಿಫಿನ್ ಡಬ್ಬಿಯಿಂದ ಜಾರುತ್ತಿದೆ. ಬಿಳಿಯ ಬ್ರೆಡ್ಡು, ನೂಡಲ್ಸ್ ತಂದ ಗೆಳೆಯರ ಎದುರು ಕಪ್ಪು ರೊಟ್ಟಿಯ ಡಬ್ಬಿ ತೆರೆಯಲು ಸಂಕೋಚ. ಬೆಳಗಿನ ಗಡಿಬಿಡಿಯಲ್ಲಿ ತಟ್ಟುವ ಪುರುಸೊತ್ತೂ ಕಡಿಮೆ.

ಲೆಕ್ಕ ಹಾಕಿದರೆ ನಷ್ಟ ಮಕ್ಕಳಿಗೇ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಹತ್ತು ಮಿಲಿಗ್ರಾಂ ಆಸುಪಾಸು. ಪಾವಗಡದ ಮಟ್ಟಿಗೆ ಇದಕ್ಕೆ ಇನ್ನೂ ಒಂದು ಅರ್ಥವಿದೆ. ಅಲ್ಲಿನ ಅನೇಕ ಹಳ್ಳಿಗಳ ಕೊಳವೆ ಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಲ್ಲಿನ ಮೇಲೆ ಕಂದು ಕಲೆ, ಮುಂದೆ ಮೂಳೆಯ ನೋವು ಇದರ ಫಲ. ಆಹಾರದಲ್ಲಿ ಕ್ಯಾಲ್ಸಿಯಂ ಕೊರತೆಯಿದ್ದರೆ ಹಾನಿ ಇನ್ನೂ ಹೆಚ್ಚು. ರೊಟ್ಟಿ ಔಷಧಿಯಲ್ಲ, ಶುದ್ಧ ನೀರಿಗೆ ಬದಲಿಯೂ ಅಲ್ಲ. ಆದರೆ ಇಂತಹ ಊರಿನ ಮಗು ರಾಗಿ ಬಿಡುವುದು ಜಾಣತನವಲ್ಲ.

ಹೊಲಗಳೂ ಬದಲಾಗಿವೆ. ಪಾವಗಡದ ತಿರುಮಣಿ ಸುತ್ತ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಪಾರ್ಕ್ ಇದೆ. ಬೆಳೆ ಒಣಗಿಸುತ್ತಿದ್ದ ಬಿಸಿಲೇ ರೈತರಿಗೆ ಗುತ್ತಿಗೆ ಹಣ ತಂದಿತು. ಆದರೆ ಹೊಲ ಕೊಟ್ಟವರು ರಾಗಿಯನ್ನು ಕೊಂಡು ತರಬೇಕು.

ಭರವಸೆಯ ಸಂಗತಿಗಳೂ ಉಂಟು. ಪೂರ್ವ ಆಫ್ರಿಕಾ ಮೂಲದ ರಾಗಿಯನ್ನು ಡಾ. ಸಿ.ಎಚ್. ಲಕ್ಷ್ಮಣಯ್ಯನವರು ಭಾರತ, ಆಫ್ರಿಕಾ ತಳಿಗಳ ಸಂಕರದಿಂದ 'ಇಂಡಾಫ್' ಆಗಿಸಿ ಇಳುವರಿ ಹೆಚ್ಚಿಸಿದರು. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾಯಿತು. 2024ರಲ್ಲಿ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ವಾರಕ್ಕೆ ಮೂರು ದಿನ ಹಾಲಿನ ಜೊತೆ ರಾಗಿ ಮಾಲ್ಟ್ ಕೊಡುವುದು ಆರಂಭವಾಯಿತು.

ಉಳಿದದ್ದು ಮನೆಯ ಕೆಲಸ. ಭಾನುವಾರ ಬೆಳಿಗ್ಗೆ ಗಂಡು, ಹೆಣ್ಣೆನ್ನದೆ ಮಕ್ಕಳ ಕೈಗೆ ಹಿಟ್ಟಿನ ಉಂಡೆ ಕೊಟ್ಟು ತಟ್ಟಲು ಕಲಿಸಬಹುದು. ಮೊದಲ ರೊಟ್ಟಿ ಹರಿದರೆ ಹರಿಯಲಿ. ಬಿಸಿನೀರಿನಲ್ಲಿ ಒಂದು, ತಣ್ಣೀರಿನಲ್ಲಿ ಒಂದು ಕಲಸಿ ನೋಡಿದರೆ ಅಡುಗೆಮನೆಯಲ್ಲೇ ಒಂದು ಪ್ರಯೋಗವೂ ಆಯಿತು. ತಾನೇ ತಟ್ಟಿದ ರೊಟ್ಟಿಯನ್ನು ಶಾಲೆಗೆ ಒಯ್ಯಲು ಯಾವ ಮಗುವೂ ನಾಚುವುದಿಲ್ಲ.