ಮುನ್ನೂರಹತ್ತು ಸೋಲುಗಳು

ಸೋತವರನ್ನು ಕನ್ನಡದ ಕವಿಗಳು ಮರೆತವರಲ್ಲ. ಪಂಪನ ಭಾರತದಲ್ಲಿ ನಾಯಕಪದವಿ ಅರ್ಜುನನಿಗೆ ದೊರೆತರೂ ಓದುಗನ ಕಣ್ಣೀರು ಸಲ್ಲುವುದು ಕರ್ಣನಿಗೆ. ರನ್ನನ ಗದಾಯುದ್ಧದಲ್ಲಿ ತೊಡೆಮುರಿದು ಬಿದ್ದ ದುರ್ಯೋಧನನೇ ಮನಸ್ಸಿನಲ್ಲಿ ಎದ್ದು ನಿಲ್ಲುತ್ತಾನೆ. ಆದರೆ ಇವೆಲ್ಲ ಒಮ್ಮೆ ಬಂದು ಮುಗಿದುಹೋದ ಮಹಾಪತನಗಳು. ಈ ವಾರ ಸೋತು, ಮರುದಿನ ಮತ್ತೆ ಅಂಗಣಕ್ಕಿಳಿದು, ಮುಂದಿನ ವಾರ ಪುನಃ ಸೋಲುವ ಸಾಮಾನ್ಯನಿಗೆ ಕವಿಯೂ ಇಲ್ಲ, ಕಾವ್ಯವೂ ಇಲ್ಲ. ಆ ಸೋಲನ್ನು ಹೊರಲು ಬೇಕಾಗುವ ಧೈರ್ಯವು ಬೇರೊಂದು ಬಗೆಯದು. ಅದರ ನಿದರ್ಶನವನ್ನು ನೋಡಬಯಸುವವರು ರಣರಂಗವನ್ನು ಹುಡುಕಬೇಕಾಗಿಲ್ಲ. ಅಮೆರಿಕದ ಒಂದು ವಿದ್ಯಾಸಂಸ್ಥೆಯ ಬಾಸ್ಕೆಟ್‌ಬಾಲ್ ತಂಡದ ಚರಿತ್ರೆಯನ್ನು ನೋಡಿದರೆ ಸಾಕು.

ಕ್ಯಾಲಿಫೋರ್ನಿಯಾದ ಪ್ಯಾಸಡೀನಾ ನಗರದಲ್ಲಿರುವ ಕ್ಯಾಲ್‌ಟೆಕ್ ಎಂಬ ವಿಜ್ಞಾನಸಂಸ್ಥೆಯ ಹೆಸರು ವಿದ್ಯಾವಂತರಿಗೆ ಅಪರಿಚಿತವಲ್ಲ. ರಿಚರ್ಡ್ ಫೈನ್‌ಮನ್ನರಂತಹ ಭೌತವಿಜ್ಞಾನಿಗಳು ಪಾಠಹೇಳಿದ ಸ್ಥಳವದು. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದ ಸತೀಶ ಧವನರು 1951ರಲ್ಲಿ ಡಾಕ್ಟರೇಟ್ ಪದವಿಯನ್ನು ಪಡೆದುದೂ ಅಲ್ಲಿಯೇ. ಪದವಿತರಗತಿಗಳ ವಿದ್ಯಾರ್ಥಿಗಳ ಸಂಖ್ಯೆ ಸುಮಾರು ಒಂದು ಸಾವಿರ ಮಾತ್ರ. ಚೆಂಡಾಟದಲ್ಲಿ ನಿಪುಣನೆಂಬ ಕಾರಣಕ್ಕಾಗಿ ಪ್ರವೇಶದ ಅಳತೆಗೋಲನ್ನು ಸಡಿಲಿಸುವ ಪದ್ಧತಿ ಅಲ್ಲಿಲ್ಲ. ಗಣಿತದಲ್ಲಿಯೂ ಭೌತಶಾಸ್ತ್ರದಲ್ಲಿಯೂ ಮೊದಲಿಗರಾಗಿ ಬಂದವರಲ್ಲಿಯೇ ಆಸಕ್ತರಾದ ಹತ್ತೆಂಟು ಜನರನ್ನು ಕೂಡಿಸಿ ತಂಡವನ್ನು ಕಟ್ಟಬೇಕು. ಇವರಿಗೆ ಹಣದ ಆಸೆಯಿಲ್ಲ, ಆಟದಿಂದ ಜೀವನ ನಡೆಯಬೇಕೆಂಬ ಆಲೋಚನೆಯಿಲ್ಲ. ಹಗಲು ಪ್ರಯೋಗಶಾಲೆ, ಸಂಜೆ ಅಂಗಣ, ರಾತ್ರಿ ಮತ್ತೆ ಪುಸ್ತಕ.

ದಕ್ಷಿಣ ಕ್ಯಾಲಿಫೋರ್ನಿಯಾದ ಕಾಲೇಜುಗಳ ಕ್ರೀಡಾಕೂಟವೊಂದರಲ್ಲಿ ಈ ತಂಡವೂ ಸೇರಿದೆ. 1979-80ರ ಆಟದ ಋತುವಿನಲ್ಲಿ ಅದು ಪೊಮೋನಾ-ಪಿಟ್ಜರ್ ತಂಡವನ್ನು ಸೋಲಿಸಿದ್ದಿತು. ಹಾಗೆ ಸೋತ ತಂಡದ ಶಿಕ್ಷಕರು ಗ್ರೆಗ್ ಪೊಪೊವಿಚ್. ಮುಂದೆ ಅವರ ಕೈಕೆಳಗಿನ ವೃತ್ತಿಪರ ತಂಡವು ಐದು ಸಲ ಅಮೆರಿಕದ ಅತ್ಯುನ್ನತ ಪ್ರಶಸ್ತಿಯನ್ನು ಗಳಿಸಿತು. ಒಂದು ಸೋಲಿನಿಂದ ಮನುಷ್ಯನ ಅಳತೆ ಮುಗಿಯುವುದಿಲ್ಲವೆಂಬುದಕ್ಕೆ ಇದೂ ಒಂದು ಸಾಕ್ಷಿ.

ಆದರೆ ಸೋಲು ಒಂದಕ್ಕೆ ನಿಲ್ಲದೆ ಹೋದರೆ? 1985ನೆಯ ಜನವರಿಯಲ್ಲಿ ಲಾ ವರ್ನ್ ವಿಶ್ವವಿದ್ಯಾಲಯದ ಮೇಲೆ ಗೆದ್ದ ಬಳಿಕ ಕ್ಯಾಲ್‌ಟೆಕ್ ತಂಡವು ಕೂಟದ ಪಂದ್ಯಗಳಲ್ಲಿ ಒಂದೇ ಸಮನೆ ಸೋಲತೊಡಗಿತು. ವರ್ಷಗಳು ಉರುಳಿದುವು, ಶಿಕ್ಷಕರು ಬದಲಾದರು. ನಾಲ್ಕು ವರ್ಷ ಬೆವರು ಸುರಿಸಿ, ಕೂಟದಲ್ಲಿ ಒಂದು ಗೆಲವನ್ನೂ ಕಾಣದೆ, ಪದವಿಪತ್ರವನ್ನು ಹಿಡಿದು ಮನೆಗೆ ಹೋದವರ ತಲೆಮಾರುಗಳೇ ಸಂದುವು. 2007ನೆಯ ಜನವರಿ 6ರಂದು ನ್ಯೂಯಾರ್ಕ್ ರಾಜ್ಯದ ಬಾರ್ಡ್ ಕಾಲೇಜನ್ನು 81-52ರಿಂದ ಸೋಲಿಸಿದಾಗ, ತಮ್ಮ ಶ್ರೇಣಿಯ ಕಾಲೇಜುಗಳೆದುರು ಸತತವಾಗಿ ಬಂದಿದ್ದ 207 ಸೋಲುಗಳ ಸರಪಳಿಯೇನೋ ಕಡಿಯಿತು. ಆದರೆ ಬಾರ್ಡ್ ಕೂಟದ ಹೊರಗಿನದು. ನೆರೆಹೊರೆಯವರ ಮುಂದಿನ ಸೋಲು ಹಾಗೆಯೇ ಉಳಿಯಿತು.

2010-11ರ ಋತುವೂ ಹಿಂದಿನವುಗಳಂತೆಯೇ ಸಾಗಿತು. ಎಂಟು ತಂಡಗಳ ಕೂಟ. ಪ್ರತಿಯೊಂದು ತಂಡವೂ ಉಳಿದ ಏಳನ್ನು ಎರಡೆರಡು ಸಲ ಎದುರಿಸಬೇಕು. ಹದಿಮೂರು ಪಂದ್ಯಗಳು ಮುಗಿದುವು; ಹದಿಮೂರರಲ್ಲಿಯೂ ಸೋಲು. ಒಟ್ಟು ಲೆಕ್ಕ 310ಕ್ಕೆ ಮುಟ್ಟಿತು. ಫೆಬ್ರವರಿ 22ರಂದು ತಮ್ಮ ಅಂಗಣದಲ್ಲಿಯೇ ಕೊನೆಯ ಪಂದ್ಯ. ಎದುರಾಳಿ ಆಕ್ಸಿಡೆಂಟಲ್ ಕಾಲೇಜು. ಕೊನೆಯ ಗಳಿಗೆಯಲ್ಲಿ ಅಂಕಗಳು 45-45ರಲ್ಲಿ ಸಮನಾಗಿದ್ದುವು. ಎದುರಾಳಿಯ ತಪ್ಪಿಗಾಗಿ ಕ್ಯಾಲ್‌ಟೆಕ್ಕಿನ ಅಂತಿಮವರ್ಷದ ಆಟಗಾರನೊಬ್ಬನಿಗೆ, ಯಾರ ಅಡ್ಡಿಯೂ ಇಲ್ಲದೆ ಬುಟ್ಟಿಗೆ ಚೆಂಡನ್ನೆಸೆಯುವ ಅವಕಾಶ ದೊರೆಯಿತು. ಚೆಂಡು ಬುಟ್ಟಿಯೊಳಗೆ ಬಿದ್ದಿತು. ಉಳಿದ ಕೆಲವೇ ಕ್ಷಣಗಳನ್ನು ತಂಡವು ಕಾಪಾಡಿಕೊಂಡಿತು. 46-45! ಇಪ್ಪತ್ತಾರು ವರ್ಷಗಳ ಹಿಂದಣ ಗೆಲವಿನ ದಿನ, ಕಾಲೇಜು ಹುಡುಗರ ವಯಸ್ಸನ್ನು ಎಣಿಸಿದರೆ, ಅಂದು ಗೆದ್ದವರು ಹುಟ್ಟಿಯೇ ಇರಲಿಲ್ಲ.

ಈ ಒಂದು ಅಂಕದ ಯಶಸ್ಸನ್ನು ಯಾರಿಗೆ ಸಲ್ಲಿಸತಕ್ಕದ್ದು? ಹಗ್ಗವು ನಿತ್ಯವೂ ಎಳೆದಾಡಿ ಬಾವಿಯ ಕಟ್ಟೆಯ ಕಲ್ಲು ಸವೆಯುತ್ತದೆ. ಕೊನೆಯ ಕೊಡವನ್ನು ಸೇದಿದವನೇ ಗುರುತು ಮಾಡಿದನೆಂದರೆ ಅದು ಅವಿವೇಕ. ನಡುವಣ ವರ್ಷಗಳಲ್ಲಿ ಯಾವುದೋ ಒಂದು ತಂಡವು ‘ಇನ್ನು ಸಾಕು’ ಎಂದು ಚೆಂಡನ್ನು ಕೆಳಗಿಟ್ಟಿದ್ದರೆ ಆ ಸಂಜೆಯೇ ಬರುತ್ತಿರಲಿಲ್ಲ. ಹೆಸರು ಯಾರಿಗೂ ನೆನಪಿಲ್ಲದ, ಗೆಲವನ್ನು ಎಂದೂ ಕಾಣದ ಹುಡುಗರಿಗೆ ಆ ಅಂಕದಲ್ಲಿ ಪಾಲಿದೆ.

ಇದನ್ನು ಕೇಳಿ ಸೋಲೇ ಒಂದು ಪುಣ್ಯವೆಂದು ಯಾರೂ ಭಾವಿಸಬಾರದು. ಗೆಲ್ಲುವ ಇಚ್ಛೆಯಿಲ್ಲದೆ ಸೋಲುವುದು ವೈರಾಗ್ಯವಲ್ಲ, ಸೋಮಾರಿತನ. ಈ ಹುಡುಗರು ಗೆಲ್ಲಬೇಕೆಂದೇ ಆಡಿದರು. ಆದುದರಿಂದಲೇ ಪ್ರತಿಯೊಂದು ಸೋಲೂ ಅವರನ್ನು ನೋಯಿಸಿತು. ಸಂಸ್ಥೆಯಾದರೂ ಗೆಲವಿನ ಆಸೆಗೆ ತನ್ನ ಬಾಗಿಲಿನ ಅಳತೆಯನ್ನು ಬದಲಿಸಲಿಲ್ಲ. ಇಚ್ಛೆಯನ್ನು ಬಿಡದೆ, ಅಡ್ಡದಾರಿಯನ್ನೂ ಹಿಡಿಯದೆ, ಎರಡರ ನಡುವೆ ಇಪ್ಪತ್ತಾರು ವರ್ಷ ನಿಲ್ಲುವುದು ಸುಲಭದ ಮಾತಲ್ಲ.

ತರಗತಿಯಲ್ಲಿ ಎಂದೂ ಎರಡನೆಯವನಾಗದ ಬಾಲಕನಿಗೆ ಯಾವ ಉಪಾಧ್ಯಾಯನೂ ಕಲಿಸಲಾರದ ಪಾಠವೊಂದುಂಟು. ತಾನು ಅಲ್ಪನಾಗಿರುವ ಸ್ಥಳಕ್ಕೆ ತಾನಾಗಿಯೇ ಹೋಗಿ, ನಾಲ್ಕು ಜನರೆದುರು ಸೋತು, ಗೆದ್ದವನ ಕೈಕುಲುಕಿ, ನಾಳೆಯ ಅಭ್ಯಾಸಕ್ಕೆ ವೇಳೆಗೆ ಸರಿಯಾಗಿ ಬರುವುದೇ ಆ ಪಾಠ. ಕ್ಯಾಲ್‌ಟೆಕ್ಕಿನ ಪ್ರಯೋಗಶಾಲೆಗಳು ಲೋಕಕ್ಕೆ ಅನೇಕ ಶೋಧನೆಗಳನ್ನು ಕೊಟ್ಟಿವೆ. ಅದರ ಆಟದ ಅಂಗಣವು ಈ ಪಾಠವನ್ನು ಮುನ್ನೂರಹತ್ತು ಸಲ ಹೇಳಿಕೊಟ್ಟಿತು.